ಮಿಲಿಟರಿ ಕಾನೂನಿನ ಇಂಟರ್ನ್‌ಶಿಪ್: ಸರ್ಟಿಫಿಕೇಟ್ ಬಿಟ್ಟು ಫೈಲು ಹಿಡಿದ ನನ್ನ ಅನುಭವ

ನಾನು ಲಾ ವಿದ್ಯಾರ್ಥಿನಿ, ಓದುತ್ತಿರುವುದು ನ್ಯಾಷನಲ್ ಲಾ ಸ್ಕೂಲಿನಲ್ಲಲ್ಲ. ಮನೆಯಲ್ಲಿ ಒಬ್ಬರೂ ಫೌಜಿಗಳಿಲ್ಲ. ದೆಹಲಿಯಲ್ಲಿ ಗುರುತು ಪರಿಚಯ ಮೊದಲೇ ಇಲ್ಲ. ಇಂಥವಳನ್ನು ಮಿಲಿಟರಿ ಕೇಸು ನಡೆಸೋ ವಕೀಲರು ಯಾಕೆ ತಗೊಳ್ತಾರೆ ಅಂತ ಕ್ಲಾಸಿನವರೆಲ್ಲ ಕೇಳಿದ್ದರು. ಕಾಲೇಜಿನ ಮೇಷ್ಟ್ರು ಒಬ್ಬರು, "ಸುಮ್ನೆ ಇಲ್ಲೇ ಸಿವಿಲ್ ಕೋರ್ಟಿಗೆ ಹೋಗಮ್ಮ" ಅಂದಿದ್ದರು. ಕಳೆದ ಜನವರಿಯಲ್ಲಿ ದೆಹಲಿಯ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಪ್ರಧಾನ ಪೀಠದಲ್ಲಿ, ಅಂದರೆ ಎಎಫ್‌ಟಿಯಲ್ಲಿ, ಪ್ರಾಕ್ಟೀಸ್ ಮಾಡುವ ನಿವೃತ್ತ ಜೆಎಜಿ (ಸೇನೆಯ ಕಾನೂನು ವಿಭಾಗದ) ಅಧಿಕಾರಿಯೊಬ್ಬರ ಕೈಕೆಳಗೆ ನಾಲ್ಕು ವಾರ ಕೆಲಸ ಮಾಡಿ ಬಂದೆ. ಮುಂದಿನ ರಜೆಗೂ ಬಾ ಅಂದಿದ್ದಾರೆ. ಜೂನಿಯರ್‌ಗಳು ಹೇಗೆ, ಏನು ಅಂತ ದಿನಾ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೇ ಹೇಳುವ ಬದಲು ಎಲ್ಲರಿಗೂ ಸೇರಿ ಬರೆಯುತ್ತಿದ್ದೇನೆ.

ಅದಕ್ಕೂ ಹಿಂದಿನ ವರ್ಷ ನಾನೂ ಎಲ್ಲರೂ ಹೋಗುವ ದಾರಿಯಲ್ಲೇ ಹೋಗಿದ್ದೆ. ಯುದ್ಧ ಕಾನೂನಿನ ಮೇಲೆ ಒಂದು ಆನ್‌ಲೈನ್ ಸರ್ಟಿಫಿಕೇಟ್ ಕೋರ್ಸಿಗೆ ಐದೂವರೆ ಸಾವಿರದ ಹತ್ತಿರ ಕಟ್ಟಿದೆ. ರೆಕಾರ್ಡ್ ಮಾಡಿದ ವಿಡಿಯೋಗಳು, ಕೊನೆಗೆ ಒಂದು ಪಿಡಿಎಫ್ ಸರ್ಟಿಫಿಕೇಟು. ಜಿನೀವಾ ಒಪ್ಪಂದಗಳನ್ನು ಕಲಮು ಕಲಮಾಗಿ ಓದಿದೆ. ಒಂದು ಮೂಟ್ (ಅಣಕು ಕೋರ್ಟ್ ಸ್ಪರ್ಧೆ) ಮಾಡಿದೆ. ಆಮೇಲೆ ಸಿವಿ, ಕವರ್ ಲೆಟರ್ ಸೇರಿಸಿ ದೆಹಲಿ, ಚಂಡೀಗಢ, ಚೆನ್ನೈ, ಕೊಚ್ಚಿಯ ವಕೀಲರಿಗೆ ನಲವತ್ತರ ಮೇಲೆ ಮೇಲ್ ಹಾಕಿರಬೇಕು. ಉತ್ತರ ಬಂದಿದ್ದು ನಾಲ್ಕೈದು. ಎಲ್ಲವೂ "ಜಾಗ ಇಲ್ಲ". ಜಿನೀವಾ ಒಪ್ಪಂದ ಓದಬೇಡಿ ಅಂತ ನಾನು ಹೇಳ್ತಿಲ್ಲ. ಆದರೆ ಎಎಫ್‌ಟಿಯಲ್ಲಿದ್ದ ಅಷ್ಟೂ ದಿನ ಅದರ ಹೆಸರನ್ನು ಯಾರೂ ಎತ್ತಲಿಲ್ಲ. ಅಲ್ಲಿನ ದಿನನಿತ್ಯದ ಕೆಲಸ ಪಿಂಚಣಿ, ಬಡ್ತಿ, ಡಿಸ್ಚಾರ್ಜ್, ಕೋರ್ಟ್ ಮಾರ್ಷಲ್ (ಸೇನೆಯೊಳಗಿನ ವಿಚಾರಣೆ). ಅಲ್ಲಿನವರಿಗೆ ಬೇಕಾಗಿರುವುದು ಮಿಲಿಟರಿ ಕಾಗದಗಳನ್ನು ಓದಬಲ್ಲ ಹುಡುಗ ಹುಡುಗಿಯರು. ಅದನ್ನು ಯಾವ ಕೋರ್ಸೂ ಹೇಳಿಕೊಡುವುದಿಲ್ಲ.

ನನಗೆ ಅದು ಸಿಕ್ಕಿದ್ದು ಬೆಳಗಾವಿಯಲ್ಲೇ. ನಮ್ಮದು ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ಇರುವ ಊರು. ಸುತ್ತಮುತ್ತಲ ಹಳ್ಳಿಗಳಲ್ಲಿ ಮಾಜಿ ಸೈನಿಕರು ತುಂಬಾ ಜನ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಬರುವವರ ಜೊತೆ ಮಾತಾಡುತ್ತಾ ನಿವೃತ್ತ ಹವಾಲ್ದಾರ್ ಕಾಕಾ ಒಬ್ಬರ ಪರಿಚಯವಾಯಿತು. ಪ್ಲಾಸ್ಟಿಕ್ ಚೀಲದ ತುಂಬ ಕಾಗದ ಇಟ್ಟುಕೊಂಡಿದ್ದರು. "ತಂಗೀ, ಇದನ್ನ ಓದಿ ಹೇಳಾವ್ರು ಯಾರೂ ಸಿಗವಲ್ರು ನೋಡವಾ" ಅಂದರು. ಆ ಚೀಲ ನನಗೆ ಐದು ಸೆಮಿಸ್ಟರ್‌ಗಿಂತ ಜಾಸ್ತಿ ಕಲಿಸಿತು.

ಅದರಲ್ಲಿದ್ದ ರಿಲೀಸ್ ಮೆಡಿಕಲ್ ಬೋರ್ಡಿನ, ಅಂದರೆ ಸೇವೆ ಬಿಡುವಾಗ ಪರೀಕ್ಷಿಸುವ ವೈದ್ಯರ ಮಂಡಳಿಯ, ವರದಿಯನ್ನೇ ತಗೊಳ್ಳಿ. ಕಾಯಿಲೆ ಬಿ.ಪಿ., ಅಂಗವೈಕಲ್ಯ ಶೇ. 30, ಜೀವಮಾನಕ್ಕೆ. ಕಾಯಿಲೆಗೂ ಸೇವೆಗೂ ಸಂಬಂಧ ಇದೆಯಾ, ಸೇವೆಯಿಂದ ಅದು ಹೆಚ್ಚಾಯ್ತಾ ಅನ್ನೋ ಎರಡು ಕಾಲಮ್ಮಿನಲ್ಲೂ "ನೋ". ಪಕ್ಕದ ಕಾರಣದ ಕಾಲಮ್ಮಿನಲ್ಲಿ ಒಂದೇ ಸಾಲು: ಶಾಂತಿ ಪ್ರದೇಶದಲ್ಲಿ (ಯುದ್ಧ, ಗಡಿ ಕೆಲಸವಿಲ್ಲದ ಜಾಗದಲ್ಲಿ) ಶುರುವಾಗಿದೆ. ಅಷ್ಟೇ. ಆ ಒಂದು ಸಾಲಿನ ಮೇಲೆ ಅಂಗವೈಕಲ್ಯ ಪಿಂಚಣಿ ಹೋಗಿತ್ತು. ಈಗ 2013ರ ಧರಂವೀರ್ ಸಿಂಗ್ ತೀರ್ಪನ್ನು ಇದರ ಪಕ್ಕ ಇಟ್ಟು ಓದಿ. ಸೇರುವಾಗ ಕಾಯಿಲೆ ಇತ್ತು ಅಂತ ದಾಖಲೆ ಇಲ್ಲದಿದ್ದರೆ ಆತ ಆರೋಗ್ಯವಾಗಿದ್ದ ಅಂತಲೇ ಹಿಡಿಯಬೇಕು, ಸೇವೆಗೆ ಸಂಬಂಧವಿಲ್ಲ ಅಂತ ತೋರಿಸುವ ಹೊಣೆ ಇಲಾಖೆಯದು, ಬೋರ್ಡು ಕಾರಣ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ತೀರ್ಪನ್ನು ಮೊದಲೂ ಓದಿದ್ದೆ. ಆ ಒಂದು ಸಾಲನ್ನು ಕಣ್ಣಾರೆ ನೋಡಿದ ಮೇಲೇ ಅದರ ಬೆಲೆ ತಿಳಿದದ್ದು.

ದುಡ್ಡಿನ ಲೆಕ್ಕವನ್ನೂ ಕಾಕಾನ ಮುಂದೆಯೇ ಹಾಕಿದೆ. ಶೇ. 100 ಅಂಗವೈಕಲ್ಯಕ್ಕೆ ಕೊನೆಯ ಸಂಬಳದ ಶೇ. 30 ಸಿಗುತ್ತದೆ. ಸಂಬಳ 40,000 ಅಂತ ಇಟ್ಟುಕೊಂಡರೆ, ಶೇ. 30 ಅಂಗವೈಕಲ್ಯಕ್ಕೆ ತಿಂಗಳಿಗೆ 3,600 ರೂಪಾಯಿ. 2014ರ ರಾಮ್ ಅವತಾರ್ ತೀರ್ಪಿನಂತೆ 30 ಅನ್ನು 50ಕ್ಕೆ ಏರಿಸಿದರೆ ಅದೇ 6,000 ಆಗುತ್ತದೆ. ತಿಂಗಳಿಗೆ 2,400 ವ್ಯತ್ಯಾಸ, ಅದೂ ಬದುಕಿರುವವರೆಗೆ. ಈ ಲೆಕ್ಕ ಬಾಯಲ್ಲಿ ಬರುವ ಇಂಟರ್ನ್ ಬೇರೆ, ಬರದ ಇಂಟರ್ನ್ ಬೇರೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ: ಅಲ್ಲಿದ್ದ ದೊಡ್ಡ ಕಾಲೇಜಿನ ಇಬ್ಬರು ಇಂಟರ್ನ್‌ಗಳು ಕ್ಯಾಲ್ಕ್ಯುಲೇಟರ್ ತೆಗೆಯುವಷ್ಟರಲ್ಲಿ ನಾನು ಉತ್ತರ ಹೇಳುತ್ತಿದ್ದೆ.

ಕಾಕಾ ಆದಮೇಲೆ ಅವರ ಸ್ನೇಹಿತರು ಬಂದರು. ಒಬ್ಬರಿಂದ ಒಬ್ಬರಿಗೆ ಹೋಗಿ ಹತ್ತು ಹನ್ನೆರಡು ಜನರ ಕಾಗದ ನೋಡಿದೆ. ನೆನಪಿಡಿ, ನಾವಿನ್ನೂ ವಕೀಲರಲ್ಲ. ಸಲಹೆ ಕೊಡಬಾರದು, ದುಡ್ಡಂತೂ ಮುಟ್ಟಲೇಬಾರದು. ನಾನು ಮಾಡಿದ್ದು ಓದಿ ಹೇಳುವುದು, ತಾರೀಖಿನ ಪ್ರಕಾರ ಜೋಡಿಸಿಕೊಡುವುದು, ಮುಂದಕ್ಕೆ ವಕೀಲರ ಹತ್ತಿರ ಕಳಿಸುವುದು. ಕಾಗದದ ಫೋಟೋ ನನ್ನ ಮೊಬೈಲಿನಲ್ಲಿ ಇಟ್ಟುಕೊಳ್ಳಲಿಲ್ಲ. "ರಿಸ್ಟ್ರಿಕ್ಟೆಡ್", "ಕಾನ್ಫಿಡೆನ್ಷಿಯಲ್" ಅಂತ ಮುದ್ರೆ ಇದ್ದದ್ದನ್ನು ತಿರುವಿಯೂ ಹಾಕಲಿಲ್ಲ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇನ್ನೂ ಜಾರಿಯಲ್ಲಿದೆ. ಇಂಟರ್ವ್ಯೂನಲ್ಲಿ ಈ ವಿಷಯ ಕೇಳೇ ಕೇಳುತ್ತಾರೆ.

ಜೊತೆಜೊತೆಗೆ ಎಎಫ್‌ಟಿ ವೆಬ್‌ಸೈಟಿನಿಂದ ಆದೇಶಗಳನ್ನು ತೆಗೆದು ಓದುತ್ತಿದ್ದೆ. ದೊಡ್ಡ ತೀರ್ಪುಗಳನ್ನಲ್ಲ, ಎರಡು ಮೂರು ಪುಟದ ಸಾದಾ ಆದೇಶಗಳನ್ನು. ಒಂದು ಶೀಟಿನಲ್ಲಿ ವಿಷಯ, ಕಲಮು, ಗೆದ್ದಿದ್ದೋ ಸೋತಿದ್ದೋ, ಯಾಕೆ ಅಂತ ನಾಲ್ಕು ಕಾಲಮ್. ಇನ್ನೂರರ ಹತ್ತಿರ ಆಗಿರಬೇಕು. ಅರ್ಧಕ್ಕಿಂತ ಜಾಸ್ತಿ ಪಿಂಚಣಿಯವೇ ಇದ್ದವು. ಇನ್ನೊಂದು ಕಂಡದ್ದು, ಕಾನೂನಿಗಿಂತ ಮೊದಲು ತಾರೀಖಿನಲ್ಲೇ ಎಷ್ಟೋ ಕೇಸು ಎಡವುತ್ತವೆ. 2007ರ ಎಎಫ್‌ಟಿ ಕಾಯ್ದೆಯ 22ನೇ ಕಲಮಿನಲ್ಲಿ ಅಂತಿಮ ಆದೇಶದಿಂದ ಆರು ತಿಂಗಳ ಗಡುವು ಇದೆ. ತಡವಾದರೆ ವಿಳಂಬ ಮನ್ನಿಸಿ ಅಂತ ಬೇರೆ ಅರ್ಜಿ ಹಾಕಬೇಕು. ಯಾವುದು ಸೇವಾ ವಿಷಯ ಅಂತ ಹೇಳುವ 3(ಒ) ಕಲಮನ್ನೂ ಬಾಯಿಪಾಠ ಮಾಡಿ. ವರ್ಗಾವಣೆ, ರಜೆ ಇವೆಲ್ಲ ಎಎಫ್‌ಟಿಗೆ ಬರುವುದೇ ಇಲ್ಲ. ಸಮ್ಮರಿ ಕೋರ್ಟ್ ಮಾರ್ಷಲ್ (ಕಮಾಂಡಿಂಗ್ ಅಧಿಕಾರಿಯೇ ನಡೆಸುವ ಚುಟುಕು ವಿಚಾರಣೆ) ಕೂಡ ಡಿಸ್ಮಿಸಲ್ ಅಥವಾ ಮೂರು ತಿಂಗಳಿಗಿಂತ ಜಾಸ್ತಿ ಜೈಲು ಆಗಿದ್ದರೆ ಮಾತ್ರ ಬರುತ್ತದೆ. 14ನೇ ಕಲಮು (ಸೇವಾ ವಿಷಯದ ಅರ್ಜಿ), 15ನೇ ಕಲಮು (ಕೋರ್ಟ್ ಮಾರ್ಷಲ್ ಮೇಲಿನ ಮೇಲ್ಮನವಿ) ನಿಮಗೆ ಗೊತ್ತೇ ಇದೆ.

ಎರಡನೇ ಸಲ ಮೇಲ್ ಹಾಕುವಾಗ ಸರ್ಟಿಫಿಕೇಟು ಕಳಿಸಲಿಲ್ಲ. ಸಿವಿ ಅರ್ಧ ಪುಟಕ್ಕೆ ಇಳಿಸಿದೆ. ಜೊತೆಗೆ ಪ್ರಕಟವಾದ ಆದೇಶವೊಂದರ ಸಂಗತಿಗಳನ್ನು ತಗೊಂಡು, ನಾನೇ ತಯಾರಿಸಿದ ಎರಡು ಪುಟದ ಲಿಸ್ಟ್ ಆಫ್ ಡೇಟ್ಸ್ (ತಾರೀಖುವಾರು ಘಟನೆಗಳ ಪಟ್ಟಿ) ಮತ್ತು ಸಿನಾಪ್ಸಿಸ್ (ಕೇಸಿನ ಸಾರಾಂಶ) ಇಟ್ಟೆ. ಕಾಕಾನ ಕಾಗದ ಬಳಸಲಿಲ್ಲ, ಅದು ಅವರದ್ದು. ಈ ಸಲ ಹಾಕಿದ್ದು ಹತ್ತೋ ಹನ್ನೆರಡೋ ಮೇಲ್. ಮೂರು ಕಡೆಯಿಂದ ಫೋನ್ ಬಂತು. ಮೇಲ್‌ನ ಮೊದಲ ಸಾಲು ಏನು ಬರೆದೆ ಅನ್ನೋದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಇನ್ನೊಂದು ವರ್ಷ ನನಗೇ ಬೇಕು.

ದೆಹಲಿಗೆ ಹೋದ ಮೊದಲ ವಾರವೇ ನಿಜವಾದ ಪರೀಕ್ಷೆ ಆಯಿತು. ಸರ್ ಒಂದು ಹಳೆಯ ಸಮ್ಮರಿ ಕೋರ್ಟ್ ಮಾರ್ಷಲ್ ಫೈಲು ಕೊಟ್ಟು, "ಸಂಜೆಯೊಳಗೆ ಲಿಸ್ಟ್ ಆಫ್ ಡೇಟ್ಸ್ ಮಾಡು" ಅಂದರು. ನಾನು ತಾರೀಖಿನ ಜೊತೆ ಗಂಟೆಯನ್ನೂ ಬರೆದೆ. ಯಾಕೆಂದರೆ 1954ರ ಆರ್ಮಿ ನಿಯಮಗಳ 34ನೇ ನಿಯಮದ ಪ್ರಕಾರ ಆರೋಪ ತಿಳಿಸಿದ ಮೇಲೆ ವಿಚಾರಣೆ ಶುರುವಾಗುವ ಮುಂಚೆ ಕನಿಷ್ಠ 96 ಗಂಟೆ ಬಿಡಬೇಕು. ಸಕ್ರಿಯ ಸೇವೆಯಲ್ಲಿದ್ದರೆ 24. ಈ ನಿಯಮ ಕಡ್ಡಾಯ ಅಂತ 2009ರ ಎ.ಕೆ. ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಫೈಲಿನಲ್ಲಿ ಬರೀ ತಾರೀಖು ನೋಡಿದರೆ ನಾಲ್ಕು ದಿನ ಸರಿಯಾಗೇ ಇತ್ತು. ಗಂಟೆ ಎಣಿಸಿದರೆ ಆರೋಪಪಟ್ಟಿ ಕೈಗೆ ಕೊಟ್ಟದ್ದು ಸಂಜೆ, ವಿಚಾರಣೆ ಶುರುವಾದದ್ದು ಬೆಳಿಗ್ಗೆ. ಹತ್ತಿರ ಹತ್ತಿರ 88 ಗಂಟೆ. ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಕೊಟ್ಟೆ. ಸರ್ ಓದಿ, ಕನ್ನಡಕ ತೆಗೆದು, "ಯಾರು ಹೇಳಿಕೊಟ್ಟರು?" ಅಂತ ಕೇಳಿದರು. ಅವತ್ತಿನಿಂದ ನನಗೆ ಫೋಟೊಕಾಪಿ ಮಾಡಿಸುವ ಕೆಲಸ ತಪ್ಪಿತು, ಕರಡು ಬರೆಯುವ ಕೆಲಸ ಸಿಕ್ಕಿತು.

ಕೋರ್ಟ್ ಮಾರ್ಷಲ್ ಫೈಲು ಸಿಕ್ಕರೆ ನಾನು ನೋಡುವ ಕ್ರಮ ಹೀಗೆ. ಮೊದಲು ಕೋರ್ಟ್ ಆಫ್ ಎನ್‌ಕ್ವೈರಿ. ಅಂದರೆ ಸೇನೆ ಮೊದಲು ನಡೆಸುವ ತನಿಖೆ. ಅದರಲ್ಲಿ ಆರೋಪಿಯ ನಡತೆಯ ಪ್ರಶ್ನೆ ಬಂದಿದ್ದರೆ 180ನೇ ನಿಯಮದಂತೆ ಪೂರ್ತಿ ಹಾಜರಿರಲು, ಸಾಕ್ಷಿಗಳನ್ನು ಪ್ರಶ್ನಿಸಲು ಬಿಟ್ಟಿದ್ದಾರಾ? ಆಮೇಲೆ 22ನೇ ನಿಯಮದ ಹಿಯರಿಂಗ್ ಆಫ್ ಚಾರ್ಜ್ (ಕಮಾಂಡಿಂಗ್ ಅಧಿಕಾರಿ ಆರೋಪ ಕೇಳುವುದು), 23ರ ಸಮ್ಮರಿ ಆಫ್ ಎವಿಡೆನ್ಸ್ (ಸಾಕ್ಷಿ ಹೇಳಿಕೆ ಬರೆದುಕೊಳ್ಳುವುದು). ತಪ್ಪೊಪ್ಪಿಗೆ ಇದ್ದರೆ ಅದರ ನಿಯಮ 115(2). ಕೊನೆಗೆ ಆರ್ಮಿ ಕಾಯ್ದೆಯ 122ನೇ ಕಲಮಿನಂತೆ ವಿಚಾರಣೆ ಶುರುಮಾಡಲು ಇರುವ ಮೂರು ವರ್ಷದ ಮಿತಿ. 69ನೇ ಕಲಮಿನ ಸಿವಿಲ್ ಅಪರಾಧ (ಸಾಮಾನ್ಯ ಕ್ರಿಮಿನಲ್ ಕಾನೂನಿನ ಅಪರಾಧ) ಇದ್ದರೆ ಘಟನೆ 2024ರ ಜುಲೈ 1ಕ್ಕಿಂತ ಮುಂಚೆಯೋ ಆಮೇಲೋ ನೋಡಿ, ಹಳೆಯ ದಂಡ ಸಂಹಿತೆ ಐಪಿಸಿಯೋ ಹೊಸ ಬಿಎನ್‌ಎಸ್ಸೋ ಅಲ್ಲೇ ತೀರ್ಮಾನ ಆಗುತ್ತದೆ. ಇದರ ನಡುವೆ ಇನ್ನೊಂದು ಹೆಜ್ಜೆ ಇದೆ, ಅದು ಸರ್ ಕಲಿಸಿದ್ದು. ಅವರ ಅನುಮತಿ ಇಲ್ಲದೆ ಬರೆಯೋದು ಸರಿಯಲ್ಲ.

ತೀರ್ಪುಗಳಲ್ಲಿ 1987ರ ರಣಜಿತ್ ಠಾಕೂರ್ ಅನ್ನು ಹೆಡ್‌ನೋಟ್ (ಮೇಲಿನ ಸಾರಾಂಶ) ಬಿಟ್ಟು ಪೂರ್ತಿ ಓದಿ. ಊಟ ಮಾಡು ಅನ್ನುವ ಆದೇಶ ಮೀರಿದ ಅಂತ ಒಬ್ಬ ಸಿಪಾಯಿಗೆ ಒಂದು ವರ್ಷ ಕಠಿಣ ಸಜೆ, ಕೆಲಸದಿಂದ ವಜಾ. ಯಾರ ಮೇಲೆ ಆತ ದೂರು ಕೊಟ್ಟಿದ್ದನೋ ಆ ಅಧಿಕಾರಿಯೇ ವಿಚಾರಣೆಯಲ್ಲಿ ಕೂತಿದ್ದರು. ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಈ ಕೆಲಸ ನನಗೆ ಬೇಕೇ ಬೇಕು ಅನ್ನಿಸಿದ್ದು ಅವತ್ತೇ.

ಇನ್ನು ಖರ್ಚು. ಬೆಳಗಾವಿಯಿಂದ ಗೋವಾ ಎಕ್ಸ್‌ಪ್ರೆಸ್ ಸ್ಲೀಪರ್, ಹೋಗಿ ಬರಲು ಎರಡು ಸಾವಿರದೊಳಗೆ. ಮುನಿರ್ಕಾದಲ್ಲಿ ಇಬ್ಬರು ಹಂಚಿಕೊಂಡ ರೂಮು, ನನ್ನ ಪಾಲು ಏಳೂವರೆ ಸಾವಿರ. ಆರ್.ಕೆ. ಪುರಂನ ಪೀಠಕ್ಕೆ ಅದು ಹತ್ತಿರ, ಡಿಟಿಸಿ ಬಸ್ಸಿನಲ್ಲಿ ಹೆಂಗಸರಿಗೆ ಆಗ ಟಿಕೆಟ್ ದುಡ್ಡು ಇರಲಿಲ್ಲ. ಊಟಕ್ಕೆ ಐದು ಸಾವಿರ ದಾಟಿತು. ಜನವರಿ ಚಳಿಗೆ ಸ್ವೆಟರ್, ಥರ್ಮಲ್ ಅಂತ ಹದಿನೈದು ನೂರು, ಅದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಒಟ್ಟು ಹದಿನಾರು ಸಾವಿರದ ಆಸುಪಾಸು. ಸ್ಟೈಪೆಂಡ್ ಮಾತಾಗಿರಲಿಲ್ಲ, ಆದರೆ ಹೊರಡುವ ದಿನ ಸರ್ ಐದು ಸಾವಿರ ಕೊಟ್ಟರು. ಅಪ್ಪನಿಗೆ ಮೊದಲು ತೋರಿಸಿದ್ದು ಆ ಲಕೋಟೆಯನ್ನೇ.

ನಡುವೆ ಮಾಡಿದ ಬೇರೆ ಪ್ರಯೋಗಗಳನ್ನೂ ಹೇಳಿಬಿಡ್ತೀನಿ. ಮೆಡಿಕಲ್ ಬೋರ್ಡಿನ ಪ್ರತಿ ಕಳೆದುಕೊಂಡಿದ್ದ ಒಬ್ಬರಿಂದ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಅವರ ರೆಕಾರ್ಡ್ ಆಫೀಸಿಗೆ ಆರ್‌ಟಿಐ ಹಾಕಿಸಿದೆ. ತಿಂಗಳ ಮೇಲೆ ಸ್ವಲ್ಪ ದಿನಕ್ಕೆ ಬಂತು. ಇದು ಒಳ್ಳೆ ಪಾಠ. ಕೈಬರಹದ ಹಿಂದಿ ಓದಲು ರೂಢಿ ಮಾಡಿಕೊಂಡೆ, ಸಾಕ್ಷಿ ಹೇಳಿಕೆಗಳು ಎಷ್ಟೋ ಸಲ ಕೈಬರಹದ ಹಿಂದಿಯಲ್ಲೇ ಇರುತ್ತವೆ. ಇದು ನೂರಕ್ಕೆ ನೂರು ಕೆಲಸಕ್ಕೆ ಬಂತು. ಮೂರೂ ಪಡೆಗಳ ರ‍್ಯಾಂಕ್‌ಗಳನ್ನು ಬಾಯಿಪಾಠ ಮಾಡಿದ್ದು ಪರವಾಗಿಲ್ಲ. ಮಿಲಿಟರಿಯವರ ಹತ್ತಿರ ಹೋಗ್ತೀನಿ ಅಂತ ಬೆಳಿಗ್ಗೆ ಐದಕ್ಕೆ ಎದ್ದು ಓಡಿದ್ದು ಇಂಟರ್ನ್‌ಶಿಪ್‌ಗೆ ಏನೂ ಉಪಯೋಗ ಆಗಲಿಲ್ಲ. ಮುಂದೆ ಜೆಎಜಿ ಎಂಟ್ರಿಗೆ ಸೇನೆಯ ಆಯ್ಕೆ ಮಂಡಳಿಯಾದ ಎಸ್‌ಎಸ್‌ಬಿ ಎದುರಿಸುವವರಿಗೆ ಆಗಬಹುದು. ಅದಕ್ಕೆ ಎಲ್‌ಎಲ್‌ಬಿಯಲ್ಲಿ ಶೇ. 55 ಮತ್ತು ಕ್ಲಾಟ್ ಪಿಜಿ (ಕಾನೂನು ಸ್ನಾತಕೋತ್ತರ ಪ್ರವೇಶ ಪರೀಕ್ಷೆ) ಅಂಕ ಬೇಕು, ಈಗಿನಿಂದಲೇ ನೋಡಿಕೊಳ್ಳಿ.

ಅರ್ಜಿ ಹಾಕುವವರು ಪೀಠದ ರಜೆ ಕ್ಯಾಲೆಂಡರ್ ಮೊದಲು ತೆರೆದು ನೋಡಿ. ಬೇಸಿಗೆ ರಜೆಯಲ್ಲಿ ಹೋದರೆ ಖಾಲಿ ಹಾಲ್ ನೋಡಿಕೊಂಡು ಬರಬೇಕಾಗುತ್ತದೆ. ಬಾರ್ ಕೌನ್ಸಿಲ್ ನಿಯಮದಂತೆ ಇಂಟರ್ನ್‌ಶಿಪ್ ಒಂದು ವರ್ಷದಲ್ಲಿ ಸತತವಾಗಿ ನಾಲ್ಕು ವಾರಕ್ಕಿಂತ ಜಾಸ್ತಿ ಆಗುವ ಹಾಗಿಲ್ಲ, ಕಾಲೇಜಿನ ಪತ್ರದಲ್ಲಿ ತಾರೀಖು ಹಾಗೇ ಹಾಕಿಸಿ. ಪತ್ರದ ಮೂರು ಪ್ರತಿ, ಕಾಲೇಜಿನ ಐಡಿ, ಆಧಾರ್ ಒರಿಜಿನಲ್, 1950ರ ಆರ್ಮಿ ಕಾಯ್ದೆ ಮತ್ತು 1954ರ ನಿಯಮಗಳು ಒಂದೇ ಪುಸ್ತಕದಲ್ಲಿರುವ ಬೇರ್ ಆಕ್ಟ್ ಬ್ಯಾಗಿನಲ್ಲಿರಲಿ. ಸಂಶಯ ಇದ್ದವರು ನಿಮ್ಮ ಎರಡು ಪುಟದ ಲಿಸ್ಟ್ ಆಫ್ ಡೇಟ್ಸ್ ಮಾಡಿ ತನ್ನಿ, ಕೂತು ನೋಡೋಣ. ಬರೀ ಸಿವಿ ತಂದರೆ ನೋಡಲ್ಲ.