ವಾಲ್ವಿನ ಕಾಯಿಲ್‌ನಲ್ಲಿ ಕರೆಂಟ್ ಏರುವುದನ್ನು ನೋಡಿದೆ

ಸಿದ್ದಾಪುರದ ಹತ್ತಿರ ನಮ್ಮ ತೋಟದಲ್ಲಿ ಕರಿಮೆಣಸಿನ ಬಳ್ಳಿಗಳ ಸಣ್ಣ ನರ್ಸರಿ ಇದೆ. ಹೂಮಳೆ ತಡವಾದ ಒಂದು ವರ್ಷ, ಅದಕ್ಕೆ ತಾನಾಗಿ ನೀರು ಬಿಡುವ ಟೈಮರ್ ಮಾಡಿದೆ. 12 ವೋಲ್ಟಿನ ಸೊಲೆನಾಯ್ಡ್ ವಾಲ್ವ್ (ಒಳಗಿನ ತಂತಿ ಸುರುಳಿಗೆ, ಅಂದರೆ ಕಾಯಿಲ್‌ಗೆ, ಕರೆಂಟ್ ಕೊಟ್ಟರೆ ತೆರೆಯುವ ವಾಲ್ವ್), ಅದನ್ನು ಆನ್ ಮಾಡಲು ಸ್ವಿಚ್ಚಿನ ಹಾಗೆ ಒಂದು ಟ್ರಾನ್ಸಿಸ್ಟರ್. ಒಂದೇ ವಾರದಲ್ಲಿ ಎರಡು ಟ್ರಾನ್ಸಿಸ್ಟರ್ ಸುಟ್ಟವು. ಹರಿಯುವುದು ಬರೀ ಅರ್ಧ ಆಂಪಿಯರ್. ಮತ್ತೆ ಯಾಕೆ ಸುಡಬೇಕು? ಕಾಯಿಲ್‌ನ ಸ್ಟೆಪ್ ರೆಸ್ಪಾನ್ಸ್, ಅಂದರೆ ಥಟ್ಟನೆ ವೋಲ್ಟೇಜ್ ಕೊಟ್ಟಾಗ ಕರೆಂಟ್ ಹೇಗೆ ಬದಲಾಗುತ್ತದೆ ಅನ್ನುವುದನ್ನು ನೋಡಲೇಬೇಕು ಅನ್ನಿಸಿತು.

ಮಲ್ಟಿಮೀಟರ್‌ನಲ್ಲಿ ಕಾಯಿಲ್ 23 ಓಮ್ ತೋರಿಸಿತು. ಜೊತೆಗೆ 1 ಓಮ್ ರೆಸಿಸ್ಟರ್ ಸೇರಿಸಿ, ಅದರ ಎರಡು ತುದಿಗೆ ಆಸಿಲೋಸ್ಕೋಪ್ (ವೋಲ್ಟೇಜ್ ಬದಲಾಗುವುದನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಉಪಕರಣ) ಹಿಡಿದೆ. ಒಟ್ಟು 24 ಓಮ್ ಆಯ್ತು, ಲೆಕ್ಕಕ್ಕೆ ಇದನ್ನೇ ಹಿಡಿಯಬೇಕು. ಬ್ಯಾಟರಿ ಕೊಟ್ಟ ತಕ್ಷಣ ಕರೆಂಟ್ ಅರ್ಧ ಆಂಪಿಯರ್‌ಗೆ ಹಾರುವುದಿಲ್ಲ, ನಿಧಾನಕ್ಕೆ ಏರುತ್ತದೆ. ಕೆರೆಯಿಂದ ಬರುವ ಉದ್ದ ಪೈಪಿನಲ್ಲಿ ನೀರು ವೇಗ ಹಿಡಿಯಲು ಹೊತ್ತು ತೆಗೆದುಕೊಳ್ಳುತ್ತಲ್ವಾ, ಹಾಗೇ. ಕೊನೆಯ ಮಟ್ಟದ 63.2 ಶೇಕಡಾ ಮುಟ್ಟಲು ಬೇಕಾದ ಸಮಯವೇ ಟೈಮ್ ಕಾನ್‌ಸ್ಟಂಟ್. ಅದನ್ನು ಒಟ್ಟು ರೆಸಿಸ್ಟೆನ್ಸಿನಿಂದ ಗುಣಿಸಿದರೆ ಇಂಡಕ್ಟೆನ್ಸ್, ಅಂದರೆ ಕರೆಂಟ್ ಬದಲಾಗುವುದನ್ನು ಕಾಯಿಲ್ ಎಷ್ಟು ತಡೆಯುತ್ತದೆ ಅನ್ನುವ ಅಳತೆ, ಸಿಗುತ್ತದೆ. ಅಂಥ ಐದು ಕಾಲ ಕಳೆದರೆ ಕರೆಂಟ್ 99 ಶೇಕಡಾ ದಾಟಿರುತ್ತದೆ.

ಆದರೆ ಪರದೆಯ ಮೇಲೆ ನುಣುಪಾದ ಗೆರೆ ಬರಲಿಲ್ಲ. ಏರುತ್ತಾ ಹೋದ ಕರೆಂಟ್ ಮಧ್ಯದಲ್ಲಿ ಸ್ವಲ್ಪ ಕುಸಿದು, ಒಂದು ಹಳ್ಳ ಮಾಡಿ, ಮತ್ತೆ ಏರಿತು. ಬ್ಯಾಟರಿ ಬದಲಿಸಿದೆ, ವಯರ್ ಬಿಗಿ ಮಾಡಿದೆ. ಹಳ್ಳ ಹೋಗಲಿಲ್ಲ. ವಾಲ್ವ್ ಮೇಲೆ ಬೆರಳಿಟ್ಟಾಗ ಗೊತ್ತಾಯಿತು: ಒಳಗಿನ ಕಬ್ಬಿಣದ ಪ್ಲಂಜರ್ ‘ಟಕ್’ ಅಂತ ಎಳೆದುಕೊಳ್ಳುತ್ತಿತ್ತು. ಅದು ಓಡುವಾಗ ಕಾಯಿಲ್‌ನ ಇಂಡಕ್ಟೆನ್ಸ್ ಬದಲಾಗುತ್ತದೆ, ಎದುರು ವೋಲ್ಟೇಜ್ ಹುಟ್ಟಿ ಕರೆಂಟನ್ನು ತಗ್ಗಿಸುತ್ತದೆ. ನನಗೆ ಇಡೀ ಕೆಲಸದಲ್ಲಿ ತುಂಬಾ ಇಷ್ಟವಾದದ್ದು ಈ ಹಳ್ಳವೇ. ವಾಲ್ವ್ ನಿಜಕ್ಕೂ ತೆರೆಯಿತಾ ಅಂತ ಅದೇ ಹೇಳುತ್ತದೆ.

ಇಂಥ ಗೆರೆಯಲ್ಲಿ 63 ಶೇಕಡಾ ಹುಡುಕಿದರೆ ತಪ್ಪು ಉತ್ತರ ಬರುತ್ತದೆ. ಹಾಗಾಗಿ ಪ್ಲಂಜರ್ ಅಲುಗಾಡದ ಹಾಗೆ ಮಾಡಿ ಅಳೆದೆ. 1 ಓಮ್‌ನಲ್ಲಿ ಅರ್ಧ ಆಂಪಿಯರ್ ಅಂದರೆ 500 ಮಿಲಿವೋಲ್ಟ್, ಅದರ 63.2 ಶೇಕಡಾ 316. ಪ್ಲಂಜರ್ ತೆಗೆದಾಗ ಆ 316 ಮಿಲಿವೋಲ್ಟ್ ಮುಟ್ಟಲು 3 ಮಿಲಿಸೆಕೆಂಡ್, ಅಂದರೆ 72 ಮಿಲಿಹೆನ್ರಿ. ಬಿದಿರ ಕಡ್ಡಿಯಿಂದ ಪ್ಲಂಜರ್ ಒಳಗೆ ಒತ್ತಿ ಹಿಡಿದಾಗ 8 ಮಿಲಿಸೆಕೆಂಡ್, ಅಂದರೆ 192. ಕಬ್ಬಿಣ ಇದ್ದಾಗ ಗೆರೆ ಲೆಕ್ಕಕ್ಕೆ ಪೂರ್ತಿ ಹೊಂದುವುದಿಲ್ಲ, ಆದರೂ ನಮ್ಮ ಕೆಲಸಕ್ಕೆ ಸಾಕು.

ಟ್ರಾನ್ಸಿಸ್ಟರ್ ಸುಟ್ಟದ್ದು ಆಫ್ ಮಾಡುವಾಗ. ಹರಿಯುವ ಕರೆಂಟನ್ನು ಥಟ್ಟನೆ ಕತ್ತರಿಸಿದರೆ ಕಾಯಿಲ್ ತನ್ನ ವೋಲ್ಟೇಜನ್ನು 12ಕ್ಕಿಂತ ಎಷ್ಟೋ ಮೇಲೆ ಏರಿಸುತ್ತದೆ. ಆಫ್ ಆದಾಗ ಆ ಕರೆಂಟ್ ಸುತ್ತು ಹೊಡೆದು ಇಳಿಯಲಿ ಅಂತ, ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಒಂದು ಡಯೋಡನ್ನು ಕಾಯಿಲ್‌ಗೆ ಅಡ್ಡಲಾಗಿ ಹಾಕಿದೆ, ಪಟ್ಟಿ ಇರುವ ತುದಿ ಪ್ಲಸ್ ಕಡೆಗೆ. ಆಮೇಲೆ ಕರೆಂಟ್ ಇಳಿಯುವುದನ್ನೂ ನೋಡಲು ಹೋದರೆ, ಗೆರೆ ತಕ್ಷಣ ಸೊನ್ನೆಗೆ ಬಿತ್ತು. ರೆಸಿಸ್ಟರ್ ಟ್ರಾನ್ಸಿಸ್ಟರಿನ ಕೆಳಗಿತ್ತು, ಡಯೋಡಿನ ಸುತ್ತಿನ ಹೊರಗೆ. ಅದನ್ನು ಕಿತ್ತು ಕಾಯಿಲ್ ಪಕ್ಕದಲ್ಲಿ, ಸುತ್ತಿನ ಒಳಗೆ ಬೆಸುಗೆ ಹಾಕಿದೆ. ಪ್ಲಂಜರ್ ಒತ್ತಿ ಹಿಡಿದೇ ಆಫ್ ಮಾಡಿದೆ. ಈ ಸಲ ಕರೆಂಟ್ ಮೆಲ್ಲಗೆ ಇಳಿಯಿತು, 37 ಶೇಕಡಾಕ್ಕೆ ಬರಲು ಸುಮಾರು 7 ಮಿಲಿಸೆಕೆಂಡ್.