ಮೈಸೂರು–ಮಂಡ್ಯದಿಂದ ಕೆನಡಾ ಪಿಆರ್: ಯಾವ ಕಾಗದ ಮೊದಲು, ಯಾವುದು ಕೊನೆಗೆ

ಕೆನಡಾದಲ್ಲಿ ಕಾಯಂ ನೆಲೆಸುವ ಅನುಮತಿಗೆ (ಪಿಆರ್) ಅಂಕದ ಮೇಲೆ ಜನರನ್ನು ಆರಿಸುವ ವ್ಯವಸ್ಥೆ ಎಕ್ಸ್‌ಪ್ರೆಸ್ ಎಂಟ್ರಿ. ಅದರಲ್ಲಿ ಆಹ್ವಾನ ಬಂದ ಮೇಲೆ ಪೂರ್ತಿ ಅರ್ಜಿ ಸಲ್ಲಿಸಲು ಸಿಗುವುದು 60 ದಿನ. ಹಳೇ ಕಂಪನಿಯ ಅನುಭವ ಪತ್ರ, ಬ್ಯಾಂಕಿನ ಪತ್ರ, ಪೊಲೀಸ್ ಪ್ರಮಾಣಪತ್ರ, ಮೆಡಿಕಲ್, ಇವೆಲ್ಲಕ್ಕೂ ಆಗ ಓಡಾಡಲು ಹೊರಟರೆ ದಿನ ಸಾಲುವುದಿಲ್ಲ. ಅಂಕ ಸಾಕಷ್ಟಿದ್ದೂ ಕಾಗದ ಸೇರದೆ ಅವಕಾಶ ತಪ್ಪಿದರೆ ಅದಕ್ಕಿಂತ ಸಂಕಟ ಬೇರೆ ಇಲ್ಲ. ಹಾಗಾಗಿ ನಿಧಾನಕ್ಕೆ ಬರುವ ಕಾಗದವನ್ನು ಮೊದಲು ಕೇಳಿ, ಬೇಗ ಅವಧಿ ಮುಗಿಯುವುದನ್ನು ಕೊನೆಗೆ ಮಾಡಿಸಿ. ಇಲ್ಲಿ ಹೇಳಿರುವುದು ಊರಿನಿಂದಲೇ ಅರ್ಜಿ ಹಾಕುವವರ ಫೆಡರಲ್ ಸ್ಕಿಲ್ಡ್ ವರ್ಕರ್ (ಕುಶಲ ಕೆಲಸಗಾರರ) ದಾರಿ.

ಎಲ್ಲಕ್ಕಿಂತ ಮೊದಲು ಹೆಸರು. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ 'ಮಂಜುನಾಥ ಕೆ.ಎಸ್.' ಎಂದಿದ್ದರೆ, ಪಾಸ್‌ಪೋರ್ಟಿನಲ್ಲಿ ಆ ಕೆ.ಎಸ್. ಬಿಡಿಸಿಕೊಂಡು ಊರು ಮತ್ತು ಅಪ್ಪನ ಹೆಸರಾಗಿರುತ್ತದೆ, ಇಲ್ಲವೇ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ಕೆನಡಾದವರಿಗೆ ಪಾಸ್‌ಪೋರ್ಟಿನ ಹೆಸರೇ ಹೆಸರು. ಇಂಗ್ಲಿಷ್ ಪರೀಕ್ಷೆ, ಪದವಿ ಮೌಲ್ಯಮಾಪನ, ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ತುಂಬುವ ಪ್ರೊಫೈಲ್ ಮೂರರಲ್ಲೂ ಅಕ್ಷರಕ್ಕೆ ಅಕ್ಷರ ಅದೇ ಇರಲಿ. ಸರ್‌ನೇಮ್ ಖಾಲಿ ಇದ್ದವರು ಅರ್ಜಿಯಲ್ಲಿ ಪೂರ್ತಿ ಹೆಸರನ್ನು ಸರ್‌ನೇಮ್ ಜಾಗದಲ್ಲೇ ತುಂಬಿ, ಗಿವನ್ ನೇಮ್ ಜಾಗವನ್ನು ಹಾಗೇ ಬಿಡಬೇಕು. ಮಾರ್ಕ್ಸ್ ಕಾರ್ಡಿನ ಹೆಸರೂ ಪಾಸ್‌ಪೋರ್ಟಿನ ಹೆಸರೂ ಒಬ್ಬರದೇ ಎಂದು ನೋಟರಿ ಮುಂದೆ ಒಂದು ಅಫಿಡವಿಟ್ ಮಾಡಿಸಿಡಿ. ಮದುವೆಯಾದ ಮೇಲೆ ಹೆಂಡತಿಯ ಹೆಸರು ಬದಲಾಗಿದ್ದರೆ ಅವರದ್ದೂ ಬೇಕು.

ಆಮೇಲೆ ಯೂನಿವರ್ಸಿಟಿ. ಪದವಿ ಕೆನಡಾದ ಯಾವ ಮಟ್ಟಕ್ಕೆ ಸಮ ಎಂದು ಹೇಳುವ ವರದಿಗೆ ನಮ್ಮವರಲ್ಲಿ ಹೆಚ್ಚಿನವರು ಹೋಗುವುದು ಡಬ್ಲ್ಯುಇಎಸ್ (ವರ್ಲ್ಡ್ ಎಜುಕೇಷನ್ ಸರ್ವಿಸಸ್) ಸಂಸ್ಥೆಗೆ. ವರದಿ 5 ವರ್ಷ ನಡೆಯುತ್ತದೆ, ಆದ್ದರಿಂದ ಬೇಗ ಮಾಡಿಸಿದರೆ ನಷ್ಟವಿಲ್ಲ. ಮೊದಲು ಅಲ್ಲಿ ಖಾತೆ ತೆರೆದು ರೆಫರೆನ್ಸ್ ನಂಬರ್ ತೆಗೆದುಕೊಳ್ಳಿ, ಆಮೇಲೆ ಯೂನಿವರ್ಸಿಟಿಗೆ ಹೋಗಿ. ಅಂಕಪಟ್ಟಿ ಯೂನಿವರ್ಸಿಟಿಯ ಕಡೆಯಿಂದಲೇ ಹೋಗಬೇಕು. ಲಕೋಟೆ ಅಂಟಿಸಿ, ಅಂಟಿಸಿದ ಮಡಿಕೆಯ ಮೇಲೆ ಸಹಿ ಮತ್ತು ಮೊಹರು ಬಿದ್ದಿರಬೇಕು, ಹೊರಗೆ ಆ ನಂಬರ್ ಬರೆದಿರಬೇಕು. ಸರಿಯಾಗಿದೆಯೇ ನೋಡೋಣ ಎಂದು ನೀವು ಲಕೋಟೆ ಒಡೆದರೆ ಕೆಲಸ ಮತ್ತೆ ಮೊದಲಿನಿಂದ. ಪ್ರಾವಿಷನಲ್ ಸರ್ಟಿಫಿಕೇಟ್ ಇಟ್ಟುಕೊಂಡೇ ಕಾಲ ಕಳೆದವರು ಈಗಲೇ ಘಟಿಕೋತ್ಸವದ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ.

ಯಾವ ಯೂನಿವರ್ಸಿಟಿಯ ಬಾಗಿಲು ತಟ್ಟಬೇಕು ಎನ್ನುವುದರಲ್ಲೇ ಎಡವುವವರಿದ್ದಾರೆ. ಬಿಎಸ್ಸಿ, ಬಿಕಾಂ ಓದಿದವರಲ್ಲಿ ಹೆಚ್ಚಿನವರಿಗೆ ಮೈಸೂರು ವಿ.ವಿ. ಎಂಜಿನಿಯರಿಂಗ್ ಓದಿದ್ದು ಎನ್‌ಐಇ ಅಥವಾ ಮಂಡ್ಯದ ಪಿಇಎಸ್‌ನಲ್ಲೇ ಆದರೂ ಪದವಿ ಬೆಳಗಾವಿಯ ವಿಟಿಯುದು. ಮೈಸೂರಿನ ಎಂಜಿನಿಯರಿಂಗ್ ಕಾಲೇಜು ಎಸ್‌ಜೆಸಿಇ 2016ರಲ್ಲಿ ಜೆಎಸ್‌ಎಸ್ ವಿಜ್ಞಾನ ಮತ್ತು ತಂತ್ರಜ್ಞಾನ ವಿ.ವಿ. ಆಯಿತು, ಅಲ್ಲಿ ಅಣ್ಣನ ಪದವಿ ಒಂದು ವಿ.ವಿ.ಯದ್ದು, ತಮ್ಮನದು ಇನ್ನೊಂದರದ್ದು ಆಗಿರಬಹುದು. ಪದವಿ ಪತ್ರದ ತಲೆಯ ಮೇಲೆ ಯಾವ ಹೆಸರಿದೆಯೋ ಅಲ್ಲಿಗೇ ಹೋಗಿ.

ಕಾಗದ ಬರುವಷ್ಟರಲ್ಲಿ ಇಂಗ್ಲಿಷ್. ಐಇಎಲ್‌ಟಿಎಸ್‌ನಲ್ಲಿ 'ಜನರಲ್ ಟ್ರೇನಿಂಗ್' ಬರೆಯಬೇಕು, ಅಕಾಡೆಮಿಕ್ ನಡೆಯುವುದಿಲ್ಲ. ಫಲಿತಾಂಶ 2 ವರ್ಷ ನಡೆಯುತ್ತದೆ. ಗುರಿ ಇಡಬೇಕಾದದ್ದು ಸಿಎಲ್‌ಬಿ (ಕೆನಡಾದ ಭಾಷಾ ಮಟ್ಟದ ಅಳತೆ) 9: ಕೇಳುವುದರಲ್ಲಿ 8, ಓದು, ಬರಹ, ಮಾತು ಮೂರರಲ್ಲೂ 7. ಕೇಳುವುದರಲ್ಲಿ 7.5 ಬಂದರೂ ಅದೊಂದರಿಂದಲೇ ಇಡೀ ಲೆಕ್ಕ ಕುಸಿಯುತ್ತದೆ. ಒಂದೇ ಪದವಿ, 3 ವರ್ಷದ ಅನುಭವ ಇರುವ ಅವಿವಾಹಿತರಿಗೆ ನಾಲ್ಕರಲ್ಲೂ ಸಿಎಲ್‌ಬಿ 8ರಿಂದ 9ಕ್ಕೆ ಏರಿದರೆ ಆಯ್ಕೆಯ 1200 ಅಂಕದ ಲೆಕ್ಕದಲ್ಲಿ ಸುಮಾರು 69 ಅಂಕ ಹೆಚ್ಚು. ಇನ್ನೊಂದು ಡಿಪ್ಲೊಮಾಗೆ ದುಡ್ಡು ಸುರಿಯುವ ಮೊದಲು ಈ ಪರೀಕ್ಷೆಗೆ ಇನ್ನೊಮ್ಮೆ ಕೂರುವುದೇ ಜಾಣತನ.

ಅಂಕಗಳ ಲೆಕ್ಕ ಎರಡು ಎನ್ನುವುದು ತಿಳಿದಿರಲಿ. 100ಕ್ಕೆ 67 ಬಂದರೆ ಆಹ್ವಾನಕ್ಕೆ ಕಾಯುವವರ ಸಾಲಿಗೆ ಸೇರುತ್ತೀರಿ, ಅಷ್ಟೇ. ಸಾಲಿನಲ್ಲಿ ಯಾರನ್ನು ಕರೆಯಬೇಕು ಎಂದು ತೀರ್ಮಾನವಾಗುವುದು 1200ರ ಲೆಕ್ಕದಲ್ಲಿ. ಅಲ್ಲಿ 30 ತುಂಬಿದ ಮೇಲೆ ವಯಸ್ಸಿನ ಅಂಕ ವರ್ಷ ವರ್ಷ ಇಳಿಯುತ್ತದೆ, 45ಕ್ಕೆ ಸೊನ್ನೆ. ಪ್ರೊಫೈಲ್ 12 ತಿಂಗಳು ಉಳಿಯುತ್ತದೆ.

ಅನುಭವ ಪತ್ರವನ್ನು ಆಹ್ವಾನಕ್ಕೆ ಕಾಯದೆ ಈಗಲೇ ಕೇಳಿ. ರಿಲೀವಿಂಗ್ ಲೆಟರ್ ಸಾಲದು. ಕಂಪನಿಯ ಲೆಟರ್‌ಹೆಡ್ ಮೇಲೆ ಹುದ್ದೆ, ಸೇರಿದ ಮತ್ತು ಬಿಟ್ಟ ತಾರೀಕು, ವಾರಕ್ಕೆ ಎಷ್ಟು ಗಂಟೆ, ಸಂಬಳ ಎಷ್ಟು, ದಿನನಿತ್ಯ ಮಾಡುತ್ತಿದ್ದ ಕೆಲಸ ಏನು, ಇಷ್ಟೂ ಇರಬೇಕು. ಕೆಲಸದ ವಿವರವನ್ನು ಕೆನಡಾದ ಉದ್ಯೋಗ ಪಟ್ಟಿಯಿಂದ ಸಾಲು ಸಾಲಾಗಿ ಇಳಿಸಿದರೆ ಅಧಿಕಾರಿಗೆ ಅನುಮಾನ ಬರುತ್ತದೆ. ಹೂಟಗಳ್ಳಿಯ ಕಾರ್ಖಾನೆಯಲ್ಲಿ ನಿಜವಾಗಿ ಯಾವ ಯಂತ್ರದ ಮೇಲೆ ಏನು ಮಾಡಿದಿರೋ ಅದನ್ನೇ ಬರೆಸಿ. ಎಚ್‌ಆರ್ ಒಪ್ಪದಿದ್ದರೆ ಮೇಲಧಿಕಾರಿಯಾಗಿದ್ದವರಿಂದ ಅಫಿಡವಿಟ್ ಪಡೆದು, ಜೊತೆಗೆ ಸಂಬಳದ ಚೀಟಿ, ಫಾರಂ 16, ಪಿಎಫ್ ಪಾಸ್‌ಬುಕ್ ಇಟ್ಟು, ಪತ್ರ ಏಕೆ ಸಿಗಲಿಲ್ಲ ಎಂದು ವಿವರಣೆ ಬರೆಯಿರಿ.

ದುಡ್ಡಿನ ವಿಷಯದಲ್ಲಿ ಮಂಡ್ಯದ ಕಡೆಯವರಿಗೆ ಬೇಸರವಾಗುವ ಮಾತೊಂದಿದೆ. ನಾಲೆ ನೀರಿನ ಎರಡು ಎಕರೆ ಕಬ್ಬಿನ ಗದ್ದೆ, ಊರ ಮನೆ, ಬೀರುವಿನ ಚಿನ್ನ ಯಾವುದೂ ಲೆಕ್ಕಕ್ಕಿಲ್ಲ. ಬ್ಯಾಂಕಿನಲ್ಲಿರುವ, ಬೇಕೆಂದಾಗ ತೆಗೆಯಬಹುದಾದ ಹಣ ಮಾತ್ರ. 2025ರ ಜುಲೈ ಪಟ್ಟಿಯಂತೆ ಒಬ್ಬರಿಗೆ 15,263 ಕೆನಡಿಯನ್ ಡಾಲರ್, ನಾಲ್ವರಿಗೆ 28,362. ಪ್ರತಿ ವರ್ಷ ಬದಲಾಗುತ್ತದೆ. ಹೆಂಡತಿ ಮಕ್ಕಳು ಸದ್ಯಕ್ಕೆ ಇಲ್ಲೇ ಇರುತ್ತಾರೆ ಎಂದರೂ ತಲೆ ಲೆಕ್ಕಕ್ಕೆ ಅವರೂ ಸೇರುತ್ತಾರೆ. ಬ್ಯಾಂಕಿನ ಪತ್ರದಲ್ಲಿ ಖಾತೆ ತೆರೆದ ತಾರೀಕು, ಈಗ ಖಾತೆಯಲ್ಲಿರುವ ಹಣ, ಕಳೆದ 6 ತಿಂಗಳ ಸರಾಸರಿ, ಇರುವ ಸಾಲ ಎಲ್ಲ ಇರಬೇಕು. ಕೈಸಾಲ ತಂದು ತುಂಬಿದರೆ ಆ ಸರಾಸರಿಯಲ್ಲೇ ಸಿಕ್ಕಿಬೀಳುತ್ತೀರಿ. ಸಾಲದ ಹಣಕ್ಕೆ ಅನುಮತಿಯೂ ಇಲ್ಲ. ಅಪ್ಪ ಜಮೀನು ಮಾರಿ ಕೊಟ್ಟಿದ್ದರೆ ಕ್ರಯಪತ್ರವನ್ನೂ, ವಾಪಸ್ ಕೇಳುವುದಿಲ್ಲ ಎನ್ನುವ ಅವರ ಪತ್ರವನ್ನೂ ಲಗತ್ತಿಸಿ. ಕನ್ನಡದ ಕಾಗದಗಳನ್ನು ಅನುವಾದಿಸುವವರು ನೀವೋ ಮನೆಯವರೋ ಆಗಿರಬಾರದು.

ಕೊನೆಗೆ ಉಳಿಯುವುದು ಸುಲಭದ್ದು. ಪಿಸಿಸಿಗೆ (ಪೊಲೀಸ್ ಪ್ರಮಾಣಪತ್ರಕ್ಕೆ) ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಮೈಸೂರಿನ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ, 500 ರೂಪಾಯಿ. ಕಳೆದ 10 ವರ್ಷದಲ್ಲಿ ಬೇರೆ ದೇಶದಲ್ಲಿ ಸತತ 6 ತಿಂಗಳು ಇದ್ದಿದ್ದರೆ ಅಲ್ಲಿಯದ್ದೂ ಬೇಕು. ಮೆಡಿಕಲ್ ವರದಿಯನ್ನು 2025ರ ಆಗಸ್ಟ್ 21ರಿಂದ ಅರ್ಜಿಯ ಜೊತೆಗೇ ಕೊಡಬೇಕು, ಅದೂ ಕೆನಡಾ ಸರ್ಕಾರದ ಪಟ್ಟಿಯಲ್ಲಿರುವ ಪ್ಯಾನಲ್ ವೈದ್ಯರದ್ದೇ; ಆಹ್ವಾನ ಬಂದ ವಾರವೇ ದಿನ ಗೊತ್ತು ಮಾಡಿ. ಪಿಆರ್ ಅರ್ಜಿಯ ಶುಲ್ಕ 2024ರ ಏಪ್ರಿಲ್ 30ರಿಂದ ದೊಡ್ಡವರಿಗೆ 1,525 ಕೆನಡಿಯನ್ ಡಾಲರ್ ಇತ್ತು. ಎರಡು ವರ್ಷಕ್ಕೊಮ್ಮೆ ಏರಿಸುತ್ತಾರೆ, ಕಟ್ಟುವ ದಿನ ನೋಡಿಕೊಳ್ಳಿ.

ಏಜೆಂಟರ ನೆರವು ಬೇಕೆಂದರೆ ಕೆನಡಾದ ಇಮಿಗ್ರೇಷನ್ ಸಲಹೆಗಾರರ ಕಾಲೇಜಿನ (ಅವರಿಗೆ ಪರವಾನಗಿ ಕೊಡುವ ಸಂಸ್ಥೆಯ) ನೋಂದಣಿ ಸಂಖ್ಯೆ ಕೇಳಿ, ಅದರ ವೆಬ್‌ಸೈಟಿನಲ್ಲಿ ನೀವೇ ಹುಡುಕಿ. ಖಾತೆಯ ಪಾಸ್‌ವರ್ಡ್ ನಿಮ್ಮ ಕೈಯಲ್ಲೇ ಇರಲಿ, ಸಲ್ಲಿಸುವ ಮುನ್ನ ಪ್ರತಿ ಪುಟ ಓದಿ. ಅವರು ಸೇರಿಸಿದ ಸುಳ್ಳು ಅನುಭವ ಪತ್ರಕ್ಕೂ ಹೊಣೆ ನೀವೇ, 5 ವರ್ಷದ ನಿಷೇಧವೂ ನಿಮ್ಮ ಮೇಲೆಯೇ.