ಮನೆ ರಿಪೇರಿ ಕೆಲಸ ಕೆಟ್ಟಿದೆಯಾ? ಜಗಳಕ್ಕೆ ಮೊದಲು ಪಟ್ಟಿ ಬರೆಯಿರಿ

ನನ್ನ ಅಕ್ಕ ಬಾತ್‌ರೂಮನ್ನು ಹೊಸದಾಗಿ ಮಾಡಿಸಿ ಎರಡು ತಿಂಗಳೂ ಆಗಿರಲಿಲ್ಲ. ಕೆಳಗಿನ ಕೋಣೆಯ ಮೂಲೆಯಲ್ಲಿ ಒದ್ದೆ ಕಲೆ ಕಾಣಿಸಿತು. ಅಕ್ಕ ಕಂಟ್ರ್ಯಾಕ್ಟರಿಗೆ ಫೋನ್ ಮಾಡಿ ಬೈದಳು. ಅವರು ಫೋನ್ ಎತ್ತುವುದನ್ನೇ ಬಿಟ್ಟರು. ಸಿಟ್ಟಿಗೆ ಬೇರೆ ಮೇಸ್ತ್ರಿಯನ್ನು ಕರೆಸಿ ಟೈಲ್ಸ್ ಒಡೆಸಿದಳು. ಅಲ್ಲಿಗೆ ಸಾಕ್ಷಿ ಎಲ್ಲ ಕಸದ ಗಾಡಿ ಸೇರಿತು. "ನನ್ನ ಕೆಲಸ ಸರಿಯಾಗೇ ಇತ್ತು, ಆಮೇಲೆ ಬಂದವರು ಹಾಳು ಮಾಡಿದರು" ಎಂದರು ಮೊದಲಿನವರು. ಅಲ್ಲ ಎಂದು ತೋರಿಸಲು ಅಕ್ಕನ ಹತ್ತಿರ ಏನೂ ಇರಲಿಲ್ಲ. ಇದೇ ತಪ್ಪನ್ನು ಬೇರೆ ಮನೆಗಳಲ್ಲೂ ನೋಡಿದ್ದೇನೆ.

1. ಏನನ್ನೂ ಒಡೆಯಬೇಡಿ

ಕರಾರು ಪತ್ರ, ಬಿಲ್, ಮೆಸೇಜ್ ಎಲ್ಲ ಒಂದು ಕಡೆ ಇಡಿ. ಕೊನೆಯ ಕಂತಿನ ಹಣವನ್ನು ಸದ್ಯಕ್ಕೆ ಕೊಡಬೇಡಿ.

ಕರೆಂಟಿನ ವಿಷಯದಲ್ಲಿ ಮಾತ್ರ ಕಾಯಬಾರದು. ಸ್ವಿಚ್ ಮುಟ್ಟಿದರೆ ಜುಮ್ ಎನ್ನುತ್ತದೆ, ಸುಟ್ಟ ವಾಸನೆ ಬರುತ್ತದೆ ಎಂದಾದರೆ ಮೇನ್ ಆಫ್ ಮಾಡಿ. ಅದೇ ದಿನ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ. ಏನು ತಪ್ಪಿತ್ತು ಎಂದು ಅವರಿಂದ ಬರೆಸಿಕೊಳ್ಳಿ.

2. ದೋಷಗಳ ಪಟ್ಟಿ ಮಾಡಿ

ಎಲ್ಲರೂ ಎಡವುವುದು ಇಲ್ಲೇ. "ಟೈಲ್ಸ್ ಚೆನ್ನಾಗಿಲ್ಲ, ಗೋಡೆ ಸರಿಯಿಲ್ಲ" ಎಂದು ಬರೆದರೆ ಅದು ಬರೀ ಬೇಸರ, ದೂರಲ್ಲ. ಒಂದೊಂದು ಸಾಲಿನಲ್ಲೂ ಮೂರು ವಿಷಯ ಇರಲಿ: ಎಲ್ಲಿ, ಏನು, ಎಷ್ಟು. "ಅಡುಗೆಮನೆ, ಸಿಂಕಿನ ಎಡಕ್ಕೆ ಮೂರನೇ ಟೈಲು, ಪಕ್ಕದ್ದಕ್ಕಿಂತ 3 ಮಿ.ಮೀ. ಎದ್ದಿದೆ." ಹೀಗೆ ಬರೆದರೆ ಯಾರೂ ವಾದ ಮಾಡುವಂತಿಲ್ಲ. ಫೋಟೊ ತೆಗೆಯುವಾಗ ಪಕ್ಕದಲ್ಲಿ ಸ್ಕೇಲ್ ಇಡಿ. ಮೊದಲು ಇಡೀ ಗೋಡೆ ಕಾಣುವ ಹಾಗೆ ಒಂದು, ಆಮೇಲೆ ಹತ್ತಿರದಿಂದ ಒಂದು. ಬರೀ ಹತ್ತಿರದ ಫೋಟೊ ಯಾವ ಮನೆಯದ್ದೂ ಆಗಿರಬಹುದು, ಅಲ್ವಾ?

ಟೈಲ್ಸನ್ನು ನಾಣ್ಯದಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಸದ್ದಿನ ನಡುವೆ ಟೊಳ್ಳು ಸದ್ದು ಬಂದರೆ ಅಲ್ಲಿ ಕೆಳಗೆ ಖಾಲಿ ಜಾಗ ಇರಬಹುದು. ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಗಾರೆಯೋ ಅಂಟೋ ಇಟ್ಟು ಟೈಲು ಒತ್ತಿದರೆ ಹೀಗಾಗುತ್ತದೆ. ಬೇಗ ಮುಗಿಸಲು ಇದನ್ನು ತುಂಬಾ ಜನ ಮಾಡುತ್ತಾರೆ. ಭಾರ ಬಿದ್ದ ದಿನ ಟೈಲು ಅಲ್ಲೇ ಬಿರುಕು ಬಿಡುತ್ತದೆ. ಟೊಳ್ಳು ಸದ್ದಿನ ಪ್ರತಿ ಟೈಲಿಗೂ ಪೇಪರ್ ಟೇಪ್ ಅಂಟಿಸಿ, ನಂಬರ್ ಹಾಕಿ. ಒಂದು ಟೈಲಿನ ಮೂಲೆ ಮಾತ್ರ ಟೊಳ್ಳಾಗಿದ್ದರೆ ಅದನ್ನು ದೊಡ್ಡದು ಮಾಡಬೇಡಿ.

ನೆಲದ ಮಟ್ಟ ನೋಡಲು 2 ಮೀಟರ್ ಉದ್ದದ ನೇರ ಪಟ್ಟಿ ಇಡಿ. ಕೆಳಗೆ 3 ಮಿ.ಮೀ.ಗಿಂತ ಜಾಸ್ತಿ ಸಂದು ಇದ್ದರೆ ದೋಷಗಳ ಪಟ್ಟಿಗೆ ಸೇರಿಸಿ. ಗುಳ್ಳೆ ನೋಡಿ ಮಟ್ಟ ಹೇಳುವ ರಸಮಟ್ಟವನ್ನು ಸುಮ್ನೆ ನಂಬಬೇಡಿ. ಒಮ್ಮೆ ಇಟ್ಟು ನೋಡಿ, ಅದೇ ಜಾಗದಲ್ಲಿ ತುದಿ ಬದಲಿಸಿ ಮತ್ತೆ ನೋಡಿ. ಗುಳ್ಳೆ ಎರಡು ಸಲವೂ ಕೋಣೆಯ ಒಂದೇ ದಿಕ್ಕಿಗೆ, ಒಂದೇ ಅಳತೆಗೆ ನಿಲ್ಲದಿದ್ದರೆ ರಸಮಟ್ಟವೇ ಕೆಟ್ಟಿದೆ. ಬಾತ್‌ರೂಮಿನ ನೆಲಕ್ಕೆ ಮಾತ್ರ ಮಟ್ಟ ಬೇಡ, ವಾಟ ಬೇಕು. ಮೀಟರಿಗೆ 1ರಿಂದ 2 ಸೆಂ.ಮೀ. ಇಳಿಜಾರು ಇದ್ದರೆ ನೀರು ತಾನಾಗಿ ಹೋಗುತ್ತದೆ. ಒಂದು ಬಕೆಟ್ ನೀರು ಸುರಿದು ಎಲ್ಲಿ ನಿಲ್ಲುತ್ತದೆ ಎಂದು ವಿಡಿಯೊ ಮಾಡಿ.

ಬಾತ್‌ರೂಮಿನ ನೆಲ ಸೋರುತ್ತಿದೆ ಎಂಬ ಅನುಮಾನವಿದ್ದರೆ ನೀರು ಹೊರಹೋಗುವ ಬಾಯಿ ಮುಚ್ಚಿ, ಎರಡು ಬೆರಳು ಎತ್ತರ ನೀರು ನಿಲ್ಲಿಸಿ. ನೀರಿನ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ 24 ಗಂಟೆ ಬಿಡಿ. "ನೀರು ಆವಿಯಾಗಿದೆ ಅಷ್ಟೆ" ಎಂಬ ಮಾತು ಬಂದೇ ಬರುತ್ತದೆ. ಅದಕ್ಕೆ ಪಕ್ಕದಲ್ಲೇ ಒಂದು ಅಗಲ ಟಬ್ಬಿನಲ್ಲಿ ನೀರಿಟ್ಟು ಅದಕ್ಕೂ ಗುರುತು ಹಾಕಿ. ಟಬ್ಬಿನಲ್ಲಿ ಇಳಿದದ್ದು ಆವಿ, ನೆಲದಲ್ಲಿ ಅದಕ್ಕಿಂತ ಜಾಸ್ತಿ ಇಳಿದದ್ದು ಸೋರಿಕೆ. ನಡುವೆ ಕೆಳಗಿನ ಸೀಲಿಂಗ್ ನೋಡುತ್ತಿರಿ. ಅಲ್ಲಿ ತೊಟ್ಟಿಕ್ಕಲು ಶುರುವಾದರೆ ತಕ್ಷಣ ಬಾಯಿ ತೆಗೆದು ನೀರು ಹೊರಗೆ ಬಿಟ್ಟುಬಿಡಿ.

ಒದ್ದೆ ಗೋಡೆಗೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ. ಒಂದೆರಡು ದಿನ ಬಿಟ್ಟು ನೋಡಿ. ಹನಿಗಳು ಗೋಡೆಯ ಕಡೆ ಇದ್ದರೆ ತೇವ ಗೋಡೆಯೊಳಗಿದೆ. ಕೋಣೆಯ ಕಡೆ ಇದ್ದರೆ ಅದು ಗಾಳಿಯ ತೇವ. ಆಗ ಕಂಟ್ರ್ಯಾಕ್ಟರನ್ನು ದೂರಬೇಡಿ, ಕಿಟಕಿ ತೆಗೆಯಿರಿ.

ಪ್ಲಾಸ್ಟರಿನಲ್ಲಿ ಕೂದಲೆಳೆಯಂಥ ಬಿರುಕು ಒಣಗುವಾಗ ಬರುವುದುಂಟು. ಅದರ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಗೆರೆ ದಾಟಿ ಬೆಳೆದರೆ, ಅಗಲವಾದರೆ, ಇಂಜಿನಿಯರ್ ನೋಡಲೇಬೇಕು. ಬಣ್ಣದ ಕೆಲಸವನ್ನು ಹಗಲು ಬೆಳಕಿನಲ್ಲಿ ಎರಡು ಮೀಟರ್ ದೂರ ನಿಂತು ನೋಡಿ. ಗೋಡೆಗೆ ಟಾರ್ಚ್ ಹಿಡಿದು ನೋಡಿದರೆ ಯಾವ ಗೋಡೆಯೂ ಪಾಸಾಗುವುದಿಲ್ಲ.

3. ಬರವಣಿಗೆಯಲ್ಲಿ ತಿಳಿಸಿ

ಪಟ್ಟಿ, ಫೋಟೊ, ಸರಿಪಡಿಸಲು ಒಂದು ಕೊನೆಯ ದಿನ. ಬೈಗುಳ ಬೇಡ. ಮೊದಲ ಅವಕಾಶ ಕೆಲಸ ಮಾಡಿದವರಿಗೇ ಕೊಡಿ. ಇದು ನ್ಯಾಯ, ಮತ್ತೆ ಮುಂದೆ ದೂರು ಕೊಡಬೇಕಾಗಿ ಬಂದರೆ ನಿಮ್ಮ ಪರವಾಗಿ ನಿಲ್ಲುವುದೂ ಇದೇ. ಫೋನಿನಲ್ಲಿ ಏನಾದರೂ ಒಪ್ಪಿಕೊಂಡರೆ, "ಈಗ ಮಾತಾಡಿದಂತೆ ಸೋಮವಾರ ಬರುತ್ತೀರಿ" ಎಂದು ಆಗಲೇ ಮೆಸೇಜ್ ಹಾಕಿ.

4. ತೇಪೆ ಒಪ್ಪಬೇಡಿ

ರಿಪೇರಿಗೆ ಬಂದವರ ಕೈಯಲ್ಲಿ ಬರೀ ಸಿಲಿಕಾನ್ ಟ್ಯೂಬ್ ಇದ್ದರೆ ಬಾಗಿಲಲ್ಲೇ ಮಾತಾಡಿ. ಸಿಲಿಕಾನ್ ಇರುವುದು ಮೂಲೆಯ ಸಂದಿಗೆ. ಕೆಳಗಿನ ವಾಟರ್‌ಪ್ರೂಫಿಂಗ್ ಹೋಗಿದ್ದರೆ ಅದು ಸೋರಿಕೆಯನ್ನು ಕೆಲವು ತಿಂಗಳು ಮರೆಮಾಡುತ್ತದೆ ಅಷ್ಟೆ. ಟೈಲ್ಸ್ ಮೇಲೆ ಬಳಿಯುವ ಪಾರದರ್ಶಕ ದ್ರವವೂ ಹಾಗೇ, ನನ್ನ ಮನೆಗಂತೂ ತರುವುದಿಲ್ಲ. ಒದ್ದೆ ಗೋಡೆಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಅದು ಮತ್ತೆ ಉಬ್ಬಿ ಉದುರುತ್ತದೆ. ಮೊದಲು ನೀರಿನ ದಾರಿ ಮುಚ್ಚಬೇಕು, ಆಮೇಲೆ ಗೋಡೆ ಒಣಗಬೇಕು, ಬಣ್ಣ ಕೊನೆಗೆ. ಟೈಲ್ಸ್ ತೆಗೆದು ಹೊಸದಾಗಿ ವಾಟರ್‌ಪ್ರೂಫಿಂಗ್ ಮಾಡಿದರೆ, ಮತ್ತೆ ಟೈಲ್ಸ್ ಕೂರಿಸುವ ಮೊದಲೇ ನೀರು ನಿಲ್ಲಿಸಿ ನೋಡಿ. ಅವರು ಅವಸರ ಮಾಡಿದರೂ ಬಿಡಬೇಡಿ.

5. ಬರದೇ ಹೋದರೆ

ಈ ಕೆಲಸಕ್ಕೆ ಸಂಬಂಧವಿಲ್ಲದ ಒಬ್ಬ ಇಂಜಿನಿಯರಿಂದ ಬರೆದ ವರದಿ ತೆಗೆದುಕೊಳ್ಳಿ. ಸರಿಪಡಿಸಲು ಎಷ್ಟಾಗುತ್ತದೆ ಎಂದು ಇಬ್ಬರಿಂದ ಅಂದಾಜು ಪಟ್ಟಿ ತರಿಸಿ. ಇವನ್ನು ಜೊತೆಗಿಟ್ಟು ಕೊನೆಯ ನೋಟಿಸ್ ಕಳಿಸಿ, ಆಮೇಲೆ ಗ್ರಾಹಕ ದೂರು. ಬೇರೆಯವರಿಂದ ಕೆಲಸ ಶುರುಮಾಡಿಸುವುದು ಇಷ್ಟೆಲ್ಲ ಆದ ಮೇಲೆ.

6. ಹಣ

ಕೆಟ್ಟ ಕೆಲಸವನ್ನು ಸರಿಪಡಿಸಲು ಬೇಕಾದಷ್ಟನ್ನು ಮಾತ್ರ ತಡೆಹಿಡಿಯಿರಿ. ಚೆನ್ನಾಗಿ ಆದ ಕೆಲಸದ ಹಣ ಕೊಟ್ಟುಬಿಡಿ. ಕಂಟ್ರ್ಯಾಕ್ಟರ್ ಹೇಗೇ ಇರಲಿ, ಕೆಲಸ ಮಾಡಿದ ಕೂಲಿಯವರಿಗೆ ಅದರಿಂದಲೇ ಸಂಬಳ ಹೋಗಬೇಕು. ರಿಪೇರಿ ಆದ ಮೇಲೆ ಅದೇ ನಾಣ್ಯ, ಅದೇ ನೇರ ಪಟ್ಟಿ, ಅದೇ ನೀರಿನ ಪರೀಕ್ಷೆ ಮತ್ತೊಮ್ಮೆ ಮಾಡಿ. ದೋಷಗಳ ಪಟ್ಟಿಯಲ್ಲಿ ಸರಿಯಾದ ಸಾಲುಗಳಿಗೆ ಗುರುತು ಹಾಕಿ ಇಬ್ಬರೂ ಸಹಿ ಮಾಡಿ, ಉಳಿದ ಹಣವನ್ನು ಆಗ ಕೊಡಿ. ಮಿಕ್ಕ ಟೈಲ್ಸನ್ನು ಅದರ ಡಬ್ಬಿಯ ಸಮೇತ ಇಟ್ಟುಕೊಳ್ಳಿ. ಡಬ್ಬಿಯ ಮೇಲಿನ ಬ್ಯಾಚ್ ನಂಬರ್ ಬೇರೆಯಾದರೆ ಬಣ್ಣವೂ ಸ್ವಲ್ಪ ಬೇರೆಯಾಗಿ ಬರಬಹುದು.